ಕಸ್ತೂರಮ್ಮನ ಕ್ರಾಪು

ಹರಿಹರ
9 ಜೂನ್ 2025

ದಾಕ್ಷಾಯಣಿ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ನಿನ್ನ ಸಮಾಚಾರ ಬೆಳಿಗ್ಗೆ ಸಂಜೆ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇಡೀ ಹರಿಹರಕ್ಕೆ ತಿಳಿಯುತ್ತಿದೆ. ಫೋನ್ ಮಾಡದೆ ಕಾಗದ ಯಾಕೆ ಬರೆದೆ ಎಂದರೆ, ಯುಗಾದಿಯ ದಿನ ನನ್ನ ಮಾತು ಮುಗಿಯುವ ಮುಂಚೆ ನೀನು ಫೋನ್ ಕಟ್ ಮಾಡಿದ್ದು ನನಗೆ ನೆನಪಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿದುಹಾಕಬಹುದು. ಆದರೆ ಹರಿಯುವ ಮುಂಚೆ ಓದಿಯೇ ಓದುತ್ತೀ.

ನಿನ್ನೆ ಅಂಕಿತಾ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಮಮ್ಮಿ, ಅಜ್ಜಿ ನೋಡು, ಏನ್ ಕಾಮಿಡಿ ಐತೆ!" ಎಂದಳು. ನೋಡಿದೆ. ನನ್ನ ಅತ್ತೆ, ಎಂಬತ್ತಕ್ಕೆ ಹತ್ತಿರವಾದ ಕಸ್ತೂರಮ್ಮ, ತಿರುಗುವ ಕುರ್ಚಿಯಲ್ಲಿ ಕೂತಿದ್ದಾರೆ. ಮುಖಕ್ಕೆ ಮಿರ್ಚಿ ಅದ್ದುವ ಹಿಟ್ಟಿನಂಥದ್ದು ಏನೋ ಬಳಿದಿದೆ. ಎರಡೂ ಕಾಲು ಟಬ್ಬಿನೊಳಗೆ. ಪಕ್ಕದಲ್ಲಿ ನೀನು, ಏನೋ ಬಹುಮಾನ ಗೆದ್ದವಳ ಹಾಗೆ ಹಲ್ಲು ಬಿಟ್ಟುಕೊಂಡು ನಿಂತಿದ್ದೀ. ಕೆಳಗೆ ಬರೆದಿದ್ದೀ: "ಅವ್ವನಿಗಾಗಿ ಒಂದು ದಿನ." ಉಳಿದ ದಿನಗಳೆಲ್ಲ ಯಾರವು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀ?

ನಿಮ್ಮಣ್ಣನ ಹಾರ್ಡ್‌ವೇರ್ ಅಂಗಡಿಗೆ ಬಂದವರೊಬ್ಬರು "ಕೊಟ್ಟೂರೇಶಣ್ಣ, ನಿಮ್ಮವ್ವನ ಲಗ್ನ ಯಾವಾಗ್ರಿ?" ಎಂದು ಕೇಳಿದರಂತೆ. ಇವರು ನಕ್ಕು ಸುಮ್ಮನಾದರಂತೆ. ಇವರು ಎಲ್ಲಕ್ಕೂ ನಕ್ಕು ಸುಮ್ಮನಾಗುವವರೇ.

ಬ್ಯಾಂಕಿನಿಂದ ರಿಟೈರಾದ ಮೇಲೆ ನಿನಗೆ ಹೊತ್ತು ಹೋಗುತ್ತಿಲ್ಲ ಎಂದು ತಿಳಿಯುತ್ತೇನೆ. ನಾಯಿ ಸಾಕು. ಪಿ.ಜೆ. ಬಡಾವಣೆಯಲ್ಲಿ ನಾಯಿಯನ್ನೂ ಪಾರ್ಲರಿಗೆ ಕರೆದೊಯ್ಯುವವರು ಇದ್ದಾರಂತೆ. ನನ್ನ ಅತ್ತೆಯನ್ನು ಮಾತ್ರ ಹೇಳಿದ ಹೊತ್ತಿಗೆ ತಂದು ಬಿಡು. ಸ್ವಲ್ಪ ದಿನ ಹವಾ ಬದಲಾಗಲಿ ಎಂದು ಕಳಿಸಿದ್ದು, ಮುಖ ಬದಲಾಗಲಿ ಎಂದಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆ ಊಟಕ್ಕೆ ಮುಂಚೆ. ಅದನ್ನು ಸ್ಟೇಟಸ್ಸಿಗೆ ಹಾಕುವ ಅಗತ್ಯವಿಲ್ಲ, ನುಂಗಿಸಿದರೆ ಸಾಕು.

ನಿನ್ನ ಅತ್ತಿಗೆ
ಹಾಲಮ್ಮ


ದಾವಣಗೆರೆ
13 ಜೂನ್ 2025

ಅತ್ತಿಗೆಯವರಿಗೆ,

ನಿಮ್ಮ ಕಾಗದ ಸೇರಿತು. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ನಮ್ಮಪ್ಪ ಹೊಗಳುತ್ತಿದ್ದರು. ಈ ಸಲ ಸಾಲೆಲ್ಲ ಸೊಟ್ಟ. ಸಿಟ್ಟಿಗೆ ಕೈ ನಡುಗಿರಬೇಕು. ಬಿಪಿ ತೋರಿಸಿಕೊಳ್ಳಿ.

ನೀವು ಅವ್ವನ ಕಾಲು ನೋಡಿ ಎಷ್ಟು ದಿನವಾಯಿತು? ಇಲ್ಲಿಗೆ ಬಂದ ದಿನ ಅವ್ವ ಮಂಚ ಹತ್ತುವಾಗ ಹಿಮ್ಮಡಿಯ ಬಿರುಕಿಗೆ ಸೀರೆಯ ನೂಲು ಸಿಕ್ಕಿಕೊಂಡಿತು. ಬಿಡಿಸಿದವಳು ನಾನು. ಹೆಬ್ಬೆರಳ ಉಗುರು ಒಳಗೆ ತಿರುಗಿ ಚರ್ಮ ಕೆಂಪಾಗಿತ್ತು. ಕಾಲಲ್ಲಿ ಚಪ್ಪಲಿ ಎಂದು ಏನೋ ಇತ್ತು. ಅದರ ಉಂಗುಷ್ಟಕ್ಕೆ ಪಿನ್ನು. ಮೂರು ಶಟರಿನ ಹಾರ್ಡ್‌ವೇರ್ ಅಂಗಡಿಯವರ ತಾಯಿ, ಚಪ್ಪಲಿಗೆ ಪಿನ್ನು!

ನೀವು ನಗುವ ಆ ಪಾರ್ಲರಿನ ಸುಷ್ಮಾ ಏನು ಮಾಡಿದಳು ಗೊತ್ತೇ? ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು ಅವ್ವನ ಕಾಲು ಅದರ ಮೇಲಿಟ್ಟುಕೊಂಡಳು. ಮುಖಕ್ಕೆ ಹಚ್ಚುವ ಮುಂಚೆ, "ಅಜ್ಜಿ, ಕೊಳ್ಳಾಗಿನ ಲಿಂಗ ತೆಗೆದಿಡ್ತೀರೇನ್ರಿ, ಕ್ರೀಮ್ ಆಗ್ತೈತೆ" ಎಂದಳು. ಅವ್ವ, "ನಾ ಸತ್ತಾಗ ನನ್ನ ಜೊತಿಗೇ ಮಣ್ಣಿಗೆ ಬರೋದದು. ನಿನ್ನ ಕ್ರೀಮಿಗೆ ತೆಗೀಲಾ?" ಎಂದು ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತಳು. ಇಡೀ ಪಾರ್ಲರ್ ನಕ್ಕಿತು. ಅವ್ವನೂ ನಕ್ಕಳು. ಗದ್ದದ ಮೇಲಿನ ಬಿಳಿ ಕೂದಲನ್ನು ಸುಷ್ಮಾ ದಾರ ಹಾಕಿ ತೆಗೆದ ಮೇಲೆ ಕನ್ನಡಿ ಕೇಳಿದಳು. ಬಹಳ ಹೊತ್ತು ನೋಡಿಕೊಂಡು, "ನಮ್ಮಪ್ಪನ ಮುಖ ಹೋತು, ನಮ್ಮವ್ವನ ಮುಖ ಬಂತು" ಎಂದಳು.

ನಿಮ್ಮ ಮನೆಯಲ್ಲಿ ಅವ್ವನಿಗೆ ಊಟ ಸಿಗುತ್ತದೆ, ಮಾತ್ರೆ ಸಿಗುತ್ತದೆ. ಗೋದಾಮಿನ ಚೀಲಕ್ಕೂ ನೆರಳು ಸಿಗುತ್ತದೆ ಬಿಡಿ.

ಮಂಡಿಪೇಟೆಗೆ ಹೋಗಿ ಮೆತ್ತನೆಯ ಚಪ್ಪಲಿ ಕೊಡಿಸಿದೆ, ಎರಡು ಕಾಟನ್ ನೈಟಿ ಕೊಡಿಸಿದೆ. ಹೌದು, ನೈಟಿ. ಬಿಪಿ ಮಾತ್ರೆ ನುಂಗಿ ಮುಂದೆ ಓದಿ. ಹೊಸ ಕನ್ನಡಕ ಮಾಡಿಸಿದೆ. ಬೆಣ್ಣೆ ದೋಸೆ ತಿನ್ನಿಸಿದೆ. ಇನ್ನೂ ಸ್ವಲ್ಪ ದಿನ ಇಲ್ಲೇ ಇರಲಿ. ಯಾವಾಗ ಕಳಿಸಬೇಕೆಂದು ನಾನು ಹೇಳುತ್ತೇನೆ.

ದಾಕ್ಷಾಯಣಿ


ಹರಿಹರ
17 ಜೂನ್ 2025

ದಾಕ್ಷಾಯಣಿ,

ಕಪಾಟಿನಲ್ಲಿ ಅತ್ತೆಯ ಹೊಸ ಚಪ್ಪಲಿಗಳು ಡಬ್ಬಿಯ ಸಮೇತ ಕೂತಿವೆ. ಬಂದು ನೋಡು. "ಇದು ಸವೀಲಿ, ಆಮ್ಯಾಲೆ ಹಾಕ್ತೀನಿ" ಎನ್ನುತ್ತಾರೆ. ಕಿತ್ತಿದ್ದನ್ನು ಬಿಸಾಡಿದರೆ ಕಸದವಳ ಹತ್ತಿರ ಹೋಗಿ ವಾಪಸ್ ತರುತ್ತಾರೆ. ಪಿನ್ನು ಹಾಕಿದವರು ನಿನ್ನ ತಾಯಿಯೇ.

ಕಾಲಿನ ವಿಷಯಕ್ಕೆ ಬಾ. ನಾನು ಎಣ್ಣೆ ಹಚ್ಚಲು ಹೋದರೆ ಒದೆಯುತ್ತಾರೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಒದೆಯುತ್ತಾರೆ. ಸುಷ್ಮಾಳನ್ನು ಒದೆಯಲಿಲ್ಲ ಎಂದು ನೀನು ಬೀಗಬೇಡ. ಹೊರಗಿನವರನ್ನು ಯಾರೂ ಒದೆಯುವುದಿಲ್ಲ. ಅದು ಮನೆಯವರಿಗೆ ಮೀಸಲು. ನಿನ್ನನ್ನೂ ಇನ್ನೂ ಒದ್ದಿಲ್ಲ ಎಂದರೆ ನೀನು ಯಾವ ಲೆಕ್ಕದಲ್ಲಿದ್ದೀ ಎಂದು ತಿಳಿದುಕೋ.

ದೋಸೆ ತಿನ್ನಿಸಿದ್ದನ್ನು ಬರೆದೆ. ಆಮೇಲೆ ಶುಗರ್ ಎಷ್ಟಿತ್ತು ಎಂದು ಬರೆಯಲಿಲ್ಲ. ನೈಟಿ ಹಾಕಿಕೊಂಡು ಅವರು ಬಾತ್‌ರೂಮಿಗೆ ಹೋಗುವಾಗ ತುದಿ ತುಳಿದು ಬಿದ್ದರೆ ಆ ಫೋಟೋವನ್ನೂ ಹಾಕುತ್ತೀಯಾ?

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮುಖಕ್ಕೆ ಏನಾದರೂ ಬಳಿ, ತೊಳೆದರೆ ಹೋಗುತ್ತದೆ. ಕೂದಲು ಮುಟ್ಟಿಸಬೇಡ. ಈ ವಯಸ್ಸಿಗೂ ಅತ್ತೆಯ ಜಡೆ ಸೊಂಟಕ್ಕೆ ಬರುತ್ತದೆ. ಊರಲ್ಲಿ ಅಂಥ ಕೂದಲು ಇನ್ನೊಬ್ಬರಿಗಿಲ್ಲ. ಸೋಮವಾರ ಸೀಗೆಕಾಯಿ ಹಾಕಿ ತೊಳೆಯುವವಳು ನಾನು, ದಿನಾ ಬೆಳಿಗ್ಗೆ ಬಾಚುವವಳು ನಾನು. ನಾವಿಬ್ಬರೂ ದಿನವಿಡೀ ಮಾತು ಬಿಟ್ಟಿದ್ದರೂ ಬೆಳಿಗ್ಗೆ ಅವರು ಬಂದು ನನ್ನ ಮುಂದೆ ಬೆನ್ನು ಹಾಕಿ ಕೂತಿದ್ದಾರೆ. ಅದು ನನ್ನ ಕೆಲಸ. ನಿನ್ನ ಸುಷ್ಮಾ ಅದರ ಹತ್ತಿರ ಕತ್ತರಿ ತಂದರೆ ಚೆನ್ನಾಗಿರುವುದಿಲ್ಲ.

ಹಾಲಮ್ಮ


ದಾವಣಗೆರೆ
24 ಜೂನ್ 2025

ಅತ್ತಿಗೆಯವರಿಗೆ,

ಕೂದಲು ಕತ್ತರಿಸಿಯಾಯಿತು. ಕತ್ತಿನವರೆಗೆ. ನಾನೇ ಕತ್ತರಿ ಹಾಕಿಸಿದೆ.

ಎಂಬತ್ತರ ಮುದುಕಿಗೆ ಸೊಂಟದುದ್ದದ ಕೂದಲು ಯಾರ ಸುಖಕ್ಕೆ? ನಿಮ್ಮ ಜಂಬಕ್ಕೆ. ಈಗ ತಲೆ ಹಗುರಾಗಿದೆ, ಬೇಗ ಒಣಗುತ್ತದೆ, ಯಾರ ಮುಂದೆಯೂ ಬೆನ್ನು ಹಾಕಿ ಕೂರಬೇಕಾಗಿಲ್ಲ. ಫೋಟೋ ಹಾಕಿಲ್ಲ, ಅಂಕಿತಾಳಿಗೆ ಕಾಮಿಡಿ ತಪ್ಪಿತು.

ಅಣ್ಣನಿಗೆ ತಿಳಿಸಿ.

ದಾಕ್ಷಾಯಣಿ


ಹರಿಹರ
26 ಜೂನ್ 2025

ಶ್ರೀಮತಿ ದಾಕ್ಷಾಯಣಿಯವರಿಗೆ,

ತಾವು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಬೇರೆಯವರ ಸೊತ್ತನ್ನು ಕೇಳದೆ ಮುಟ್ಟಬಾರದೆಂದು ಅಲ್ಲಿ ಕಲಿಸಿರಬೇಕು. ತಾವು ಆ ದಿನ ರಜೆಯಲ್ಲಿದ್ದಿರೋ ಏನೋ.

ತಮಗೆ ಬೊಂಬೆಯೊಂದು ಸಿಕ್ಕಿದೆ. ಬಣ್ಣ ಬಳಿದಿರಿ, ಬಟ್ಟೆ ಬದಲಾಯಿಸಿದಿರಿ, ಈಗ ಕೂದಲು ಕತ್ತರಿಸಿದಿರಿ. ಚಿಕ್ಕ ಹುಡುಗಿಯರು ಬೊಂಬೆಗೆ ಮಾಡುವುದು ಇದನ್ನೇ. ಆಮೇಲೆ ಬೇಜಾರಾಗಿ ಮಂಚದ ಕೆಳಗೆ ಎಸೆಯುತ್ತಾರೆ. ಆ ದಿನ ಬಂದಾಗಲೂ ಇಲ್ಲಿಗೆ ಕಳಿಸುವುದು ಬೇಡ. ತಮ್ಮಲ್ಲೇ ಇರಲಿ. ರಾತ್ರಿ ಹಾಸಿಗೆ ಒದ್ದೆಯಾದರೆ ಎಬ್ಬಿಸಿ ಬದಲಾಯಿಸಬೇಕು. ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ನೂಕಿದರೆ ಮತ್ತೆ ಬಡಿಸಬೇಕು. ಸತ್ತವರು ಮನೆಗೆ ಬಂದಿದ್ದರು ಎಂದರೆ ಹೌದೆನ್ನಬೇಕು. ಎಲ್ಲಕ್ಕೂ ಸುಷ್ಮಾ ಬರುತ್ತಾಳೆಯೇ ಕೇಳಿಕೊಳ್ಳಿ.

ನನಗೂ ಬೆಳಗಿನ ಹೊತ್ತು ಕೈಗೆ ಬಿಡುವಾಗಿದೆ. ಬಹಳ ಆರಾಮಾಗಿದ್ದೇನೆ.

ಇಂತಿ
ಹಾಲಮ್ಮ ಕೊಟ್ಟೂರೇಶ್


ದಾವಣಗೆರೆ
4 ಆಗಸ್ಟ್ 2025

ಅತ್ತಿಗೆ,

ನಿಮ್ಮ ಕೊನೆಯ ಕಾಗದಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಈಗಲೂ ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿಮ್ಮ ಮೇಲೆ ಪ್ರೀತಿ ಉಕ್ಕಿತೆಂದು ತಿಳಿಯಬೇಡಿ.

ನಿನ್ನೆ ಅಣ್ಣ ಅಂಗಡಿಗೆ ಮಾಲು ಕೊಳ್ಳಲು ದಾವಣಗೆರೆಗೆ ಬಂದವನು ಇಲ್ಲಿಗೂ ಬಂದಿದ್ದ. ಅವ್ವ ಅವನನ್ನು ಕೂರಲೂ ಬಿಡದೆ, "ಹಾಲವ್ವನ ಕೈ ಹೆಂಗೈತೆ?" ಎಂದಳು.

"ಯಾವ ಕೈ?" ಎಂದ ಅಣ್ಣ.

ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಅಂಗಡ್ಯಾಗೆ ಯಾವ ಮೊಳಿ ಎಷ್ಟು ಇಂಚು ಅಂತ ಕಣ್ಣು ಮುಚ್ಚಿ ಹೇಳ್ತೀಯ. ಹೆಂಡ್ತಿಗೆ ಎರಡು ಕೈ ಅದಾವೆ ಅನ್ನಾದರ ಗೊತ್ತೈತೋ ಇಲ್ಲೋ?" ಎಂದಳು. ಅಣ್ಣ ಎಂದಿನ ಹಾಗೆ ನಕ್ಕ. ಚಹಾ ಕುಡಿದು, ನಿಮ್ಮನ್ನು ಕೇಳದೆ ಅವ್ವನನ್ನು ಕರೆದೊಯ್ಯಲಾರೆ ಎಂದು ನನ್ನ ಕಿವಿಯಲ್ಲಿ ಹೇಳಿ ಹೋದ.

ಇನ್ನು ನಾನು ಬರೆಯದೆ ಬಿಟ್ಟದ್ದನ್ನು ಬರೆಯಲೇಬೇಕು. ಕೂದಲು ಕತ್ತರಿಸಿದ್ದು ನನ್ನ ಯೋಚನೆಯಲ್ಲ. ಆ ದಿನ ಉಗುರು ತೆಗೆಸಲೆಂದು ಕರೆದುಕೊಂಡು ಹೋಗಿದ್ದೆ. ಕುರ್ಚಿಯಲ್ಲಿ ಕೂತವಳೇ ಅವ್ವ ಜಡೆ ಬಿಚ್ಚಿ ಮುಂದೆ ಹಾಕಿಕೊಂಡು, "ಇದನ್ನ ಗಿಡ್ಡ ಮಾಡಿಬಿಡವ್ವ" ಎಂದಳು. ಸುಷ್ಮಾ ಕೈ ಹಿಂದಕ್ಕೆ ತೆಗೆದಳು. "ಬ್ಯಾಡ್ರಿ ಅಜ್ಜಿ, ಇಂಥ ಕೂದ್ಲು! ಆಮ್ಯಾಲೆ ಅತ್ರೆ ನಾನೇನು ಮಾಡ್ಲಿ?" ಎಂದಳು. ನಾನೂ ಬೇಡವೆಂದೆ. ನಿಜ ಹೇಳುತ್ತೇನೆ, ನಿಮ್ಮ ಕಾಗದ ನನಗೂ ಹೆದರಿಕೆ ಹುಟ್ಟಿಸಿತ್ತು.

ಅವ್ವ ಹೇಳಿದ್ದು ಇದು. "ಹಾಲವ್ವನ ಬಲಗೈ ಮ್ಯಾಲಕ್ಕೆ ಏಳ್ತಿಲ್ಲ. ಯಾರಿಗೂ ಹೇಳಂಗಿಲ್ಲ ಅವಳು. ಬೆಳಿಗ್ಗೆ ನನ್ನ ತಲಿ ಬಾಚುವಾಗ ಹಲ್ಲು ಕಚ್ಚಿ ಉಸಿರು ಹಿಡಿತಾಳೆ. ಬೆನ್ನು ಹಾಕಿ ಕುಂತೋಳಿಗೆ ಕಾಣಲ್ಲ ಅಂತ ತಿಳ್ಕಂಡಾಳೆ. ನನ್ನ ಕುತ್ತಿಗಿಗೆ ಗೊತ್ತಾಗ್ತೈತೆ. ಬಾಚಬ್ಯಾಡ ಅಂದ್ರೆ ಜಗಳ ತೆಗಿತಾಳೆ. ಕೂದ್ಲೇ ಇಲ್ದಿದ್ರೆ ಏನು ಬಾಚ್ತಾಳೆ?"

ನಾನು, "ಅವ್ವ, ನಿನ್ನನ್ನ ಅಲ್ಲಿಗೆ ಯಾರು ಕಳಿಸ್ತಾರೆ? ನೀನಿನ್ನು ಇಲ್ಲೇ ಇರು. ನಾನು ಬಾಚ್ತೀನಿ" ಎಂದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ನೀನು ತಿರುಗಾಡ್ಸಾಕೆ ಬಾಳ ಚಲೋ. ನನಗೂ ಹುರುಪು ಬಂದೈತೆ. ಆದ್ರೆ ಮನಿಗೆ ಹೋಗ್ಬೇಕಲ್ಲ" ಎಂದಳು.

ನೀವು ಕಾಗದದಲ್ಲಿ ನನ್ನನ್ನು ಎಷ್ಟೋ ಬೈದಿರಿ. ಯಾವುದೂ ತಟ್ಟಲಿಲ್ಲ. ಈ ಮಾತು ತಟ್ಟಿತು. ನಾನು ಕೊಡಿಸಿದ ಚಪ್ಪಲಿ, ನಾನು ಕೊಡಿಸಿದ ಕನ್ನಡಕ, ಕೂತದ್ದು ನಾನು ಕರೆತಂದು ಕೂರಿಸಿದ ಕುರ್ಚಿ, ಕೂದಲು ಕೊಟ್ಟದ್ದು ನಿಮಗೆ! ಅದಕ್ಕೇ ನಾನೇ ಕತ್ತರಿ ಹಾಕಿಸಿದೆ ಎಂದು ಬರೆದೆ. ನೀವು ಬೈದುಕೊಂಡೇ ಇರಿ, ನಿಜ ಗೊತ್ತಾಗಬಾರದು ಅನ್ನಿಸಿತ್ತು.

ಕಳಿಸಬೇಡಿ ಎಂದು ನೀವು ಬರೆದದ್ದನ್ನು ಅವ್ವನಿಗೆ ಹೇಳಿಲ್ಲ. ಹಾಲಮ್ಮನಿಗೆ ಪುರುಸೊತ್ತಿಲ್ಲ, ಶ್ರಾವಣ ಮುಗಿಯಲಿ ಎಂದು ಸುಳ್ಳು ಹೇಳುತ್ತಾ ಬಂದೆ. ಈಗ ಪಾರ್ಲರಿಗೆ ಬಾ ಎಂದರೆ ಬರುವುದಿಲ್ಲ. ದೋಸೆ ಬೇಡ. ಚೀಲ ತುಂಬಿಕೊಂಡು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಹೋಗಿ ಬರುವ ಆಟೋ ಎಲ್ಲ ನೋಡುತ್ತಾಳೆ.

ಹಾಸಿಗೆಯ ವಿಷಯ ನೀವು ಬರೆದದ್ದು ನಿಜ. ನಾನು ಬದಲಾಯಿಸುತ್ತಿದ್ದೇನೆ. ಅದು ನನಗೆ ಕಷ್ಟವಾಗಿಲ್ಲ. ನಮ್ಮನೆಯವರು ಹೋದ ಮೇಲೆ ಈ ಮನೆಯಲ್ಲಿ ಇನ್ನೊಬ್ಬರು ಕೆಮ್ಮುವ ಸದ್ದು ಕೇಳಿದ್ದು ಈಗಲೇ. ಅದನ್ನು ನಿಮಗೆ ಹೇಳುವ ಅಗತ್ಯವಿರಲಿಲ್ಲ.

ಬಂದು ಕರೆದುಕೊಂಡು ಹೋಗಿ. ಕೈ ತೋರಿಸಿಕೊಳ್ಳಿ, ಮೂರ್ಖತನ ಮಾಡಬೇಡಿ.

ದಾಕ್ಷಾಯಣಿ


ಹರಿಹರ
7 ಆಗಸ್ಟ್ 2025

ದಾಕ್ಷಾಯಣಿ,

ನನ್ನ ಕೈಗೆ ಏನೂ ಆಗಿಲ್ಲ. ಸ್ವಲ್ಪ ಹಿಡಿದುಕೊಂಡಿದೆ. ವಯಸ್ಸಾದ ಮೇಲೆ ಎಲ್ಲರಿಗೂ ಏನಾದರೊಂದು ಹಿಡಿಯುತ್ತದೆ. ನಿನಗೆ ಹುಚ್ಚು ಹಿಡಿದಿದೆ, ನನಗೆ ಭುಜ.

ಮುದುಕಿಯನ್ನು ಗೇಟಿನ ಹತ್ತಿರ ಕೂರಿಸಿಕೊಂಡು ಇಷ್ಟು ದಿನ ಸುಮ್ಮನಿದ್ದೆಯಲ್ಲ, ನೀನು ಓದಿದ್ದಕ್ಕೆ ಬೆಂಕಿ ಬೀಳಲಿ. ನಾನು ಬೇಡವೆಂದು ಬರೆದೆ. ಬರೆದದ್ದನ್ನೆಲ್ಲ ಯಾರಾದರೂ ನಂಬುತ್ತಾರೆಯೇ?

ಸೋಮವಾರ ಮನೆಯಲ್ಲಿ ಶ್ರಾವಣದ ಪೂಜೆ ಇದೆ. ಭಾನುವಾರ ಬರುತ್ತೇನೆ. ನನಗೆಂದು ಅಡುಗೆ ಮಾಡಬೇಡ, ನೀನು ಮಾಡುವ ಪಲ್ಯ ನಾನು ತಿಂದಿದ್ದೇನೆ.

ಹಾಲಮ್ಮ


ಹರಿಹರ
13 ಆಗಸ್ಟ್ 2025

ದಾಕ್ಷಾಯಣಿ,

ನೀನು ಹೇಡಿ. ಮೊದಲು ಅದನ್ನು ಬರೆದು ಮುಗಿಸುತ್ತೇನೆ. ನಾನು ಬರುವುದು ಗೊತ್ತಿದ್ದೂ ತಾಯಿಯನ್ನು ಪಕ್ಕದ ಮನೆಯ ಖತೀಜಾಬೀಯವರ ಹತ್ತಿರ ಬಿಟ್ಟು ಆನೆಕೊಂಡಕ್ಕೆ ಗೆಳತಿಯ ಮನೆಗೆ ಓಡಿದೆ, ಅತ್ತೆಯೇ ಹೇಳಿದರು. "ಮೇಡಮ್‌ಗೆ ಅರ್ಜೆಂಟ್ ಕೆಲಸ ಬಂತ್ರೀ" ಎಂದು ಖತೀಜಾಬೀ ನಿನ್ನ ಪರವಾಗಿ ಸುಳ್ಳು ಹೇಳಿ ಬೆವರಿದರು. ಅತ್ತೆ ಹೋಗುವುದನ್ನು ನೋಡಲಾರದೆ ಓಡಿದ್ದು ಎಂದು ನನಗೆ ತಿಳಿಯದೆಯೇ?

ನೀನು ನೋಡದ್ದನ್ನು ಹೇಳುತ್ತೇನೆ, ಕೇಳು.

ಗೇಟಿನಲ್ಲಿ ಕೂತವರು ಯಾರೆಂದು ನನಗೆ ಮೊದಲು ತಿಳಿಯಲಿಲ್ಲ. ಯಾವುದೋ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಇರಬೇಕೆಂದುಕೊಂಡೆ. ಬಿಳಿ ಕ್ರಾಪು, ಹೊಸ ಕನ್ನಡಕ. "ಏನ್ ನೋಡ್ತೀ? ಚಲೋ ಐತೋ ಇಲ್ಲೋ?" ಎಂದರು. ಚೆನ್ನಾಗಿಲ್ಲ ಎಂದೆ. ಚೆನ್ನಾಗಿಯೇ ಇತ್ತು. ಅದನ್ನು ನಿನಗೆ ಬರೆಯುವುದು ನನಗೆ ಎಷ್ಟು ಕಷ್ಟ ಎಂದು ನಿನಗೆ ಗೊತ್ತಿರಲಿ.

ಆಟೋ ಹತ್ತಿಸಿದೆ. ಆಟೋದವನ ಹೆಸರು ಮಸ್ತಾನಸಾಬ್ ಅಂತೆ, ಇವರನ್ನು ದಿನಾ ನೋಡಿ ಪರಿಚಯವಂತೆ. ಬಸ್ ಸ್ಟ್ಯಾಂಡ್ ಎಂದೆ. ಅತ್ತೆ ಅವನ ಬೆನ್ನು ತಟ್ಟಿ, "ಅವಳ ಮಾತು ಕೇಳಬ್ಯಾಡ. ಮೊದಲು ಸುಷ್ಮನ ಅಂಗಡಿಗೆ ಹೊಡಿ" ಎಂದರು. ಅವನು ನನ್ನನ್ನು ಕೇಳಲೂ ಇಲ್ಲ.

ಅಲ್ಲಿ ನನ್ನನ್ನು ಕುರ್ಚಿಯ ಮುಂದೆ ನಿಲ್ಲಿಸಿ, "ಇವಳ ತಲಿ ತೊಳಿಯವ್ವ" ಎಂದರು. ನಾನು ಕೂರುವುದಿಲ್ಲ ಎಂದೆ. ಇಂಥ ಜಾಗದಲ್ಲಿ ತಲೆ ಕೊಡುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ ಎಂದೆ. ಅತ್ತೆ ಎಲ್ಲರ ಮುಂದೆ ಕೇಳಿದರು. "ತಲಿ ತೊಳ್ಕಂಡು ಎಷ್ಟು ದಿನ ಆತು, ಹೇಳು ನೋಡಾಣ."

ನಾನು ಹೇಳಲಿಲ್ಲ. ನಿನಗೂ ಹೇಳುವುದಿಲ್ಲ. ಒಂದು ಕೈಯಲ್ಲಿ ತಲೆ ತೊಳೆಯಲು ಬರುವುದಿಲ್ಲ. ಹೇಗೋ ತುರುಬು ಸುತ್ತಿ, ಮೇಲೆ ಸೆರಗು ಹೊದ್ದರೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಅಂಕಿತಾಳನ್ನು ಕೇಳಬಹುದಿತ್ತು. ಕೇಳುವುದು ನನಗೆ ಬರುವುದಿಲ್ಲ.

ಕೂತೆ. ಅತ್ತೆ ನನ್ನ ಕನ್ನಡಕ ತೆಗೆದುಕೊಂಡು ಪಕ್ಕದಲ್ಲಿ ನಿಂತರು. "ಮೆಲ್ಲಕ. ಬಲಗಡಿ ಭುಜ ಮುಟ್ಟಬ್ಯಾಡ" ಎಂದು ಸುಷ್ಮಾಗೆ ಹೇಳುತ್ತಲೇ ಇದ್ದರು. ಬೆಚ್ಚಗಿನ ನೀರು ಕತ್ತಿನ ಹಿಂದೆ ಇಳಿಯಿತು. ನಾನು ಬೇರೆಯವರ ತಲೆ ತೊಳೆದಿದ್ದೇನೆ. ಅತ್ತೆಯದು, ಅಂಕಿತಾಳದು, ಬಾಣಂತಿಯರದು. ನನ್ನ ತಲೆಯನ್ನು ಇನ್ನೊಬ್ಬರು ಹಿಡಿದದ್ದು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ. ಕಣ್ಣಿಗೆ ಶಾಂಪೂ ಹೋಯಿತು. ಸುಷ್ಮಾ ಏನಾದರೂ ಬೇರೆ ಹೇಳಿದರೆ ನಂಬಬೇಡ, ಶಾಂಪೂನೇ ಹೋದದ್ದು.

ನಿಮ್ಮಣ್ಣನಿಗೆ ಹೇಳಿದ್ದೇನೆ, ನಾಳೆ ಭುಜದ ಡಾಕ್ಟರ ಹತ್ತಿರ ಹೋಗುತ್ತೇವೆ. ಅವರು ಅಂಗಡಿ ಮುಚ್ಚಿ ಬರುತ್ತಾರಂತೆ. ಮದುವೆಯಾದಾಗಿನಿಂದ ನನಗಾಗಿ ಅಂಗಡಿ ಮುಚ್ಚುತ್ತಿರುವುದು ಇದೇ ಮೊದಲು. ಅತ್ತೆ ಏನೋ ಬೈದಿದ್ದಾರೆ, ಇಬ್ಬರೂ ಹೇಳುತ್ತಿಲ್ಲ.

ಅತ್ತೆ ಆರಾಮಾಗಿದ್ದಾರೆ. ನೈಟಿ ಹಾಕಿಕೊಂಡೇ ಜಗಲಿಯಲ್ಲಿ ಕೂರುತ್ತಾರೆ. ತುದಿಯನ್ನು ಎರಡು ಬೆರಳು ಗಿಡ್ಡ ಮಾಡಿ ಹೊಲಿದಿದ್ದೇನೆ. ನಿನ್ನ ಚಹಾ ಕಲಗಚ್ಚಿನ ಹಾಗಿತ್ತು ಎಂದು ಹೇಳಿದರು. ನಿನ್ನ ಹೆಸರು ಹೇಳಿ ಸಂಜೆ ಎರಡು ಸಲ ಗೇಟಿನ ಕಡೆ ನೋಡಿದರು. ಅವರ ಕಾಲಿನ ಉಗುರು ಮತ್ತೆ ಬೆಳೆದಾಗ ನೀನೇ ಬಂದು ಕರೆದುಕೊಂಡು ಹೋಗು. ನನ್ನನ್ನು ಈಗಾಗಲೇ ಒದ್ದಾಗಿದೆ. ಬಂದರೆ ಹೊರಗೆ ನಿಂತು ಹಾರ್ನ್ ಹೊಡೆಯಬೇಡ, ಒಳಗೆ ಬಾ. ಒಬ್ಬಳೇ ಉಣ್ಣಲು ಬೇಜಾರಾದ ದಿನವೂ ಬಾ. ಹೇಳದೆ ಬಾ, ಹೇಳಿ ಬಂದರೆ ಎರಡು ಬಗೆ ಪಲ್ಯ ಮಾಡಬೇಕಾಗುತ್ತದೆ.

ಇವತ್ತು ಬೆಳಿಗ್ಗೆ ಅತ್ತೆ ಕುರ್ಚಿಯಲ್ಲಿ ಕೂತು, ನನ್ನನ್ನು ಕೆಳಗೆ ಕೂರಿಸಿಕೊಂಡು ತಲೆ ಬಾಚಿದರು. ಅವರ ಬೆರಳು ನಡುಗುತ್ತದೆ. ಜಡೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಕಿವಿಯ ಹತ್ತಿರ ಒಂದು ಹಿಡಿ ಕೂದಲು ಹೊರಗೇ ಉಳಿಯಿತು. ಹಾಗೆಯೇ ತರಕಾರಿ ಮಾರ್ಕೆಟ್ಟಿಗೆ ಹೋದೆ. ನಮ್ಮ ಬೀದಿಯ ಕಿರಾಣಿ ಅಂಗಡಿಯವರ ಹೆಂಡತಿ ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಏನ್ರಿ ಹಾಲಮ್ಮಾರೆ, ಜಡಿ ಯಾರು ಹಾಕಿದ್ದು? ಬಾಲವಾಡಿ ಹುಡುಗ್ರು ಹಾಕಿದಂಗೈತೆ!"

"ನಮ್ಮತ್ತೆ ಹಾಕಿದ್ದು" ಎಂದೆ.

ಅವಳ ನಗು ನಿಂತಿತು. ನಾನು ಬದನೆಕಾಯಿ ಆರಿಸಿ ಮುಗಿಸುವವರೆಗೂ ಅವಳು ಅಲ್ಲೇ ನಿಂತು, ತನ್ನ ನುಣುಪಾದ ತುರುಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಹಾಲಮ್ಮ